ಕುಶಾಲನಗರದ ಉಣ್ಣೆ ಅಂಗಡಿ: ಹಿಮದ ಊರಿಗೆ ಹೊರಟವರು ಏನು ಕೊಳ್ಳಬೇಕು, ಏನು ಬಿಡಬೇಕು

ಹಿಮ ಬೀಳುವ ಊರಿಗೆ ಹೊರಟಿರುವ ಕೊಡಗಿನವರು ಮೈಗೆ ತಾಗುವ ಉಣ್ಣೆಯನ್ನೆಲ್ಲ ಕುಶಾಲನಗರದ ಈ ಅಂಗಡಿಯಲ್ಲಿ ಕೊಳ್ಳಬೇಕು. ಮೇಲಿನ ಕೋಟನ್ನೂ ಬೂಟನ್ನೂ ಆ ಊರಿಗೆ ಹೋದ ಮೇಲೆಯೇ ಕೊಳ್ಳಬೇಕು. ಈ ಮಾತನ್ನು ನನಗೆ ಹೇಳಿದವರು ಅಂಗಡಿಯ ಯಜಮಾನಿಯೇ. ಅವರ ಹಿಂದಿನ ಗೋಡೆಯಲ್ಲಿ ಸಾಲಾಗಿ ಕೋಟುಗಳು ತೂಗುತ್ತಿದ್ದವು, ಆದರೂ ಒಂದನ್ನೂ ನನಗೆ ಮಾರಲಿಲ್ಲ. ಈಗ ಒಂದು ಪೂರ್ತಿ ಚಳಿಗಾಲವನ್ನು ಕೆನಡಾದ ವಿನ್ನಿಪೆಗ್‌ನಲ್ಲಿ ಕಳೆದು ಸೋಮವಾರಪೇಟೆಯ ತವರಿಗೆ ರಜೆಗೆ ಬಂದಿದ್ದೇನೆ. ಅಲ್ಲಿ ನಾನು ಆಸ್ಪತ್ರೆಯಲ್ಲಿ ನರ್ಸ್. ನಸುಕಿನ ಪಾಳಿಗೆ ಬಸ್ಸಿನಲ್ಲೇ ಹೋಗುತ್ತೇನೆ, ಹಾಗಾಗಿ ಚಳಿಯನ್ನು ಕಾರಿನ ಗಾಜಿನಿಂದಾಚೆ ನೋಡಿದವಳಲ್ಲ, ಅದರಲ್ಲಿ ನಿಂತು ಬಸ್ಸಿಗೆ ಕಾದವಳು. ನಮ್ಮ ಕಡೆಯಿಂದ ಪ್ರತಿ ವರ್ಷ ನರ್ಸ್‌ಗಳು, ಇಂಜಿನಿಯರುಗಳು, ಓದಲು ಹೋಗುವ ಮಕ್ಕಳು ಇಂಥ ಊರುಗಳಿಗೆ ಹೊರಡುತ್ತಾರೆ. ಹೊರಡುವ ತಿಂಗಳಲ್ಲಿ ನೆಂಟರಿಷ್ಟರೆಲ್ಲ ಸೇರಿ ಸಲಹೆ ಕೊಟ್ಟು, ಬೇಡದ್ದನ್ನೆಲ್ಲ ಪೆಟ್ಟಿಗೆಗೆ ತುಂಬಿಸುತ್ತಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಗೆ ಹೆಸರಿನ ಫಲಕವಿಲ್ಲ. ಬಾಗಿಲ ಮೇಲಿನ ತಗಡಿನಲ್ಲಿ 'ಉಣ್ಣೆ ಬಟ್ಟೆಗಳು' ಎಂದಷ್ಟೇ ಕನ್ನಡದಲ್ಲಿ ಬರೆದಿದೆ. ಪೇಟೆಯ ಮುಖ್ಯರಸ್ತೆಯಿಂದ ಒಳಗೆ ತಿರುಗುವ ಓಣಿಯಲ್ಲಿ, ಪಾತ್ರೆ ಅಂಗಡಿಯೊಂದರ ಬೆನ್ನಿಗೆ ಅಂಟಿಕೊಂಡಿರುವ ಸಣ್ಣ ಮಳಿಗೆ. ನಾಲ್ಕು ಜನ ನಿಂತರೆ ಐದನೆಯವರು ಮೆಟ್ಟಿಲ ಮೇಲೆ ಕಾಯಬೇಕು. ನಡೆಸುವವರು ಬೈಲುಕುಪ್ಪೆಯ ಟಿಬೆಟನ್ ಕುಟುಂಬದವರು. ಕುಶಾಲನಗರದ ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ. ಅಲ್ಲಿ 1961ರಲ್ಲಿ ಶುರುವಾದ ಟಿಬೆಟನ್ನರ ನೆಲೆಯನ್ನು ನಮ್ಮವರೆಲ್ಲ ಚಿನ್ನದ ದೇವಸ್ಥಾನದ ಕಾರಣಕ್ಕೆ ಬಲ್ಲರು. ಬೇರೆ ಊರುಗಳಲ್ಲಿ ಇವರ ಸ್ವೆಟರ್ ಸಾಲು ಚಳಿಗಾಲದಲ್ಲಿ ಮಾತ್ರ ಕಾಣಿಸುತ್ತದೆ. ಈ ಅಂಗಡಿ ವರ್ಷಪೂರ್ತಿ ತೆರೆದಿರುತ್ತದೆ, ಏಕೆಂದರೆ ಕೊಡಗಿನವರಿಗೆ ಸ್ವೆಟರ್ ಬೇಕಾಗುವುದು ಮಾಗಿಗಿಂತ ಹೆಚ್ಚಾಗಿ ಮಳೆಗಾಲಕ್ಕೆ.

ನಾನು ಹೋದಾಗ ಯಜಮಾನಿ ಒಂದು ಬಟ್ಟೆಯನ್ನೂ ಬಿಚ್ಚಿ ತೋರಿಸಲಿಲ್ಲ. ಮೊದಲು ಕೂರಿಸಿದರು, ಆಮೇಲೆ ಕೇಳಿದರು. ಯಾವ ಊರು? ಸಮುದ್ರದ ಹತ್ತಿರವೋ ಒಳನಾಡೋ? ಕೆಲಸಕ್ಕೆ ಕಾರಿನಲ್ಲಿ ಹೋಗುತ್ತೀರೋ ಬಸ್ಸಿನಲ್ಲೋ? ಬೆಳಿಗ್ಗೆ ಎಷ್ಟು ಹೊತ್ತಿಗೆ ರಸ್ತೆಯಲ್ಲಿರುತ್ತೀರಿ? ಕಾಲು ಬೆವರುತ್ತದೆಯೇ? ಮಗು ಎಷ್ಟು ದೊಡ್ಡದು? ಇಷ್ಟು ಕೇಳಿದ ಬಟ್ಟೆ ವ್ಯಾಪಾರಿಯನ್ನು ನಾನು ಇನ್ನೆಲ್ಲಿಯೂ ಕಂಡಿಲ್ಲ. ಅವರ ತಂಗಿ ಟೊರಾಂಟೊದ ಪಾರ್ಕ್‌ಡೇಲ್‌ನಲ್ಲಿ ನೆಲೆಸಿದ್ದಾರೆ. ಆ ಬಡಾವಣೆಯಲ್ಲಿ ಟಿಬೆಟನ್ನರು ಬಹಳ ಮಂದಿ ಇದ್ದಾರೆ. ಇಲ್ಲಿಂದ ಹೋದ ಬಟ್ಟೆಗಳಲ್ಲಿ ಯಾವುದು ಅಲ್ಲಿ ಬಾಳಿತು, ಯಾವುದು ಕಪಾಟಿನಲ್ಲೇ ಉಳಿಯಿತು ಎಂಬ ವರದಿ ತಂಗಿಯಿಂದ ಅಕ್ಕನಿಗೆ ಬರುತ್ತಲೇ ಇರುತ್ತದೆ.

"ಟೊರಾಂಟೊ ಬೇರೆ, ವಿನ್ನಿಪೆಗ್ ಬೇರೆ ಮೇಡಂ. ಎರಡಕ್ಕೂ ಒಂದೇ ಬಟ್ಟೆ ಕೊಟ್ಟರೆ ನಾನು ನಿಮಗೆ ಮೋಸ ಮಾಡಿದ ಹಾಗೆ" ಎಂದರು.

ಈ ಮಾತಿನ ಬೆಲೆ ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ. ವ್ಯಾಂಕೂವರ್‌ನಂಥ ಕಡಲ ಊರಿನಲ್ಲಿ ಚಳಿಗಾಲವೆಂದರೆ ಬಹುಪಾಲು ಮಳೆ. ಅಲ್ಲಿ ನೀರು ಒಳಗೆ ಬಿಡದ ಕೋಟಿದ್ದರೆ ಅರ್ಧ ಕೆಲಸ ಮುಗಿಯಿತು. ಟೊರಾಂಟೊದಲ್ಲಿ ಹಿಮ ಬೀಳುತ್ತದೆ, ಕರಗುತ್ತದೆ, ಮತ್ತೆ ಗಟ್ಟಿಯಾಗುತ್ತದೆ. ಕಾಲುದಾರಿಯಲ್ಲಿ ಕೆಸರಿನಂಥ ಹಿಮನೀರು ನಿಲ್ಲುತ್ತದೆ. ವಿನ್ನಿಪೆಗ್ ಖಂಡದ ನಟ್ಟನಡುವಿನ ಬಯಲು. ಜನವರಿಯ ರಾತ್ರಿಗಳ ಸರಾಸರಿ ಉಷ್ಣತೆಯೇ ಮೈನಸ್ 21 ಡಿಗ್ರಿಯ ಆಸುಪಾಸು. ನವೆಂಬರಿನಲ್ಲಿ ಕೂತ ಹಿಮ ಮಾರ್ಚ್ ಮುಗಿಯುವ ತನಕ ಏಳುವುದೇ ಇಲ್ಲ. ಅಲ್ಲಿನ ಶತ್ರು ನೀರಲ್ಲ, ಗಾಳಿ. ಉಷ್ಣತೆ ಮೈನಸ್ 20 ಇದ್ದು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 33ರ ಹಾಗೆ ತಾಗುತ್ತದೆ. ಅಲ್ಲಿನ ಹವಾಮಾನ ಇಲಾಖೆ ಈ ಲೆಕ್ಕವನ್ನು ವಿಂಡ್ ಚಿಲ್ ಎಂದು ದಿನವೂ ಪ್ರಕಟಿಸುತ್ತದೆ. ಆ ಮಟ್ಟದಲ್ಲಿ ತೆರೆದ ಚರ್ಮ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಮೈನಸ್ 40 ದಾಟಿದರೆ 5ರಿಂದ 10 ನಿಮಿಷ ಸಾಕು. ಪೋರ್ಟೇಜ್ ಅವೆನ್ಯೂ ಮತ್ತು ಮೇನ್ ಸ್ಟ್ರೀಟ್ ಕೂಡುವ ಮೂಲೆ ಗಾಳಿಗೆ ಹೆಸರುವಾಸಿ. ಅಲ್ಲಿ ಒಮ್ಮೆ ನಿಂತವರಿಗೆ ಈ ಅಂಕಿಗಳನ್ನು ಯಾರೂ ವಿವರಿಸಬೇಕಾಗಿಲ್ಲ.

"ಕೊಡಗಿನವರಿಗೆ ಚಳಿ ಹೊಸದೇ?" ಎಂದು ಹೊರಡುವಾಗ ಎಲ್ಲರೂ ಧೈರ್ಯ ಹೇಳುತ್ತಾರೆ. ಪ್ರೀತಿಯ ಮಾತು, ಆದರೆ ಅದನ್ನು ನಂಬಿ ಬಟ್ಟೆ ಕೊಳ್ಳಬಾರದು. ನಮ್ಮದು ಒದ್ದೆ ಚಳಿ. ಜುಲೈ-ಆಗಸ್ಟಿನ ಜಡಿಮಳೆಯ ಕಕ್ಕಡ ತಿಂಗಳಲ್ಲಿ ಹೊರಗೆ 18 ಡಿಗ್ರಿ ಇದ್ದರೆ ಮನೆಯೊಳಗೂ ಹೆಚ್ಚುಕಡಿಮೆ ಅಷ್ಟೇ. ಹಾಸಿಗೆ ತಣ್ಣಗಿರುತ್ತದೆ, ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಬೀರುವಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ. ಹೀಗಾಗಿ ನಾವು ಬೆಳಿಗ್ಗೆ ಹಾಕಿದ ಸ್ವೆಟರನ್ನು ರಾತ್ರಿಯೇ ತೆಗೆಯುವುದು. ವಿನ್ನಿಪೆಗ್‌ನಲ್ಲಿ ಹೊರಗೆ ಮೈನಸ್ 25 ಇದ್ದಾಗ ಒಳಗೆ ಹೀಟರಿನಿಂದ 21 ಡಿಗ್ರಿ ಇರುತ್ತದೆ. ಒಂದು ಬಾಗಿಲು ದಾಟಿದರೆ 46 ಡಿಗ್ರಿಯ ವ್ಯತ್ಯಾಸ. ಬಸ್ಸಿನೊಳಗೆ ಬಿಸಿ, ಆಸ್ಪತ್ರೆಯೊಳಗೆ ಬಿಸಿ, ಅಂಗಡಿಯೊಳಗೆ ಬಿಸಿ. ಒಂದೇ ಒಂದು ದಪ್ಪ ಸ್ವೆಟರ್ ಹಾಕಿಕೊಂಡವರು ಒಳಗೆ ಬೆವರುತ್ತಾರೆ, ಆ ಬೆವರಿನಲ್ಲೇ ಹೊರಗೆ ಬಂದು ನಡುಗುತ್ತಾರೆ. ಬೇಕಾದದ್ದು ಸುಲಭವಾಗಿ ಕಳಚಿ ಮತ್ತೆ ಹಾಕಬಹುದಾದ ತೆಳು ಪದರಗಳು. ಅಂಗಡಿಯಾಕೆ ನನಗೆ ದಪ್ಪ ಸ್ವೆಟರ್ ಬೇಡವೆಂದು ತೆಳುವಾದವನ್ನೇ ತೆಗೆದಿಟ್ಟದ್ದು ಇದಕ್ಕಾಗಿ.

ಸ್ವೆಟರಿನ ವಿಷಯದಲ್ಲಿ ಅವರ ಪ್ರಾಮಾಣಿಕತೆಯನ್ನು ಒತ್ತಿ ಹೇಳಬೇಕು. ಟಿಬೆಟನ್ನರ ಅಂಗಡಿಯಲ್ಲಿ ಸಿಗುವುದೆಲ್ಲ ಟಿಬೆಟನ್ನರೇ ಹೆಣೆದದ್ದು ಎಂದು ಅನೇಕರು ನಂಬಿದ್ದಾರೆ. ಹಾಗಿಲ್ಲ, ಇಂಥ ಅಂಗಡಿಗಳ ಸ್ವೆಟರುಗಳು ಹೆಚ್ಚಾಗಿ ಪಂಜಾಬಿನ ಲುಧಿಯಾನದ ಕಾರ್ಖಾನೆಗಳಿಂದ ಬರುತ್ತವೆ. ಈಕೆ ಅದನ್ನು ಮುಚ್ಚಿಡುವುದಿಲ್ಲ. ಕೈಯಲ್ಲಿ ಹೆಣೆದದ್ದು ಒಂದು ಕಪಾಟಿನಲ್ಲಿ, ಲುಧಿಯಾನದ ಉಣ್ಣೆ ಇನ್ನೊಂದರಲ್ಲಿ, ಅಕ್ರಿಲಿಕ್ ಹೊರಗಿನ ಕಂಬಿಯ ಮೇಲೆ. ನನಗೆ ಅನುಮಾನವಿದ್ದ ಒಂದು ಕಾರ್ಡಿಗನ್ನಿನ ಅಂಚಿನಿಂದ ನೂಲೆಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದು ತೋರಿಸಿದರು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆ ಕಾರ್ಡಿಗನ್ ಮಣಿಯಾಯಿತು. ಅವರೇ ಅದನ್ನು ಪಕ್ಕಕ್ಕೆ ಸರಿಸಿದರು.

ಅಕ್ರಿಲಿಕ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನಮ್ಮ ಮಳೆಗಾಲಕ್ಕೆ ಅದು ಬೇಗ ಒಣಗುವ, ಹುಳ ಹೊಡೆಯದ, ಕೈಗೆಟಕುವ ಬಟ್ಟೆ. ತೋಟದ ಕೆಲಸಕ್ಕೆ ಅದೇ ಸರಿ. ಆದರೆ ವಿನ್ನಿಪೆಗ್‌ನಲ್ಲಿ ಹೀಟರ್ ಉರಿಯುವ ಮನೆಯ ಗಾಳಿ ಎಷ್ಟು ಒಣಗಿರುತ್ತದೆಯೆಂದರೆ ಅಕ್ರಿಲಿಕ್ ಸ್ವೆಟರ್ ಕಳಚುವಾಗ ಕತ್ತಲಲ್ಲಿ ಕಿಡಿ ಕಾಣುತ್ತದೆ. ಬಾಗಿಲ ಹಿಡಿ ಮುಟ್ಟಿದರೆ ಚುರ್ ಎನ್ನುತ್ತದೆ. ಉಣ್ಣೆಯಲ್ಲೂ ಇದು ಇಲ್ಲವೆಂದಲ್ಲ, ಬಹಳ ಕಡಿಮೆ. ಉಣ್ಣೆಗೆ ಇನ್ನೊಂದು ದೊಡ್ಡ ಗುಣವಿದೆ: ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವವನ್ನು ಎಳೆಯೊಳಗೆ ಎಳೆದುಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ. ಬಸ್ಸು ಹಿಡಿಯಲು ಓಡಿ, ಆಮೇಲೆ ನಿಲ್ದಾಣದಲ್ಲಿ ನಿಂತುಕೊಳ್ಳುವವಳಿಗೆ ಇದಕ್ಕಿಂತ ಮುಖ್ಯವಾದ ಗುಣ ಬೇರೆ ಇಲ್ಲ. ಹತ್ತಿ ಇದಕ್ಕೆ ತದ್ವಿರುದ್ಧ. ಬೆವರನ್ನು ಕುಡಿದು ಹಾಗೆಯೇ ಮೈಗೆ ಅಂಟಿಕೊಳ್ಳುತ್ತದೆ, ಆರುವುದಿಲ್ಲ. ಸಾಮಾನ್ಯ ಹತ್ತಿ ಬನಿಯನ್ನಿನ ಮೇಲೆ ಎಷ್ಟೇ ಉಣ್ಣೆ ಹಾಕಿದರೂ ಬೆನ್ನು ತಣ್ಣಗೇ ಇರುತ್ತದೆ. ಥರ್ಮಲ್ ಎಂಬ ಹೆಸರಿನಲ್ಲಿ ಹತ್ತಿಯ ಒಳಉಡುಪನ್ನೂ ಮಾರುತ್ತಾರೆ, ಆದ್ದರಿಂದ ಕೊಳ್ಳುವಾಗ ಪಟ್ಟಿಯನ್ನು ಓದಲೇಬೇಕು. ಈ ಅಂಗಡಿಯಲ್ಲಿ ನಾನು ಕೊಂಡ ಥರ್ಮಲ್ ಉಣ್ಣೆ ಮಿಶ್ರಣದ್ದು, ಒಂದು ಜೊತೆಗೆ ₹1,400. ಚಳಿಗಾಲವಿಡೀ ಬಾಳಿತು. ಸೊಂಟದ ಎಲಾಸ್ಟಿಕ್ ಮಾತ್ರ ಫೆಬ್ರುವರಿಯ ಹೊತ್ತಿಗೆ ಸಡಿಲವಾಯಿತು. ಕೈಯಲ್ಲಿ ಬೇರೆ ಎಲಾಸ್ಟಿಕ್ ಹೊಲಿದುಕೊಂಡೆ.

ಇನ್ನು ಕಾಲುಚೀಲ. ಈ ಅಂಗಡಿಯ ಹೆಗ್ಗಳಿಕೆ ಇರುವುದೇ ಇದರಲ್ಲಿ.

ಅಂಗಡಿಯ ಮೂಲೆಯಲ್ಲಿ ಯಜಮಾನಿಯ ಅತ್ತೆ ಕೂತಿರುತ್ತಾರೆ. ಎಳೆಯ ವಯಸ್ಸಿನಲ್ಲಿ ಟಿಬೆಟಿನಿಂದ ಬಂದವರು, ಹಿಮದಲ್ಲಿ ನಡೆದ ನೆನಪು ಇನ್ನೂ ಇರುವವರು. ಕನ್ನಡ ನಿಧಾನವಾಗಿ ಆಡುತ್ತಾರೆ, ಆದರೆ ಸ್ಪಷ್ಟವಾಗಿ. ಗಿರಾಕಿ ಬಂದರೂ ಹೋದರೂ ಕೈಯಲ್ಲಿನ ಸೂಜಿಗಳು ನಿಲ್ಲುವುದಿಲ್ಲ. ನನ್ನ ಪಾದವನ್ನು ಹಳೆಯ ಕ್ಯಾಲೆಂಡರಿನ ಹಾಳೆಯ ಮೇಲೆ ಇರಿಸಿ ಪೆನ್ಸಿಲ್‌ನಿಂದ ಸುತ್ತ ಗೀಚಿಕೊಂಡರು. "ಕಾಲು ಒದ್ದೆಯಾದರೆ ಮೇಲಿನದೆಲ್ಲ ದಂಡ ಮಗಳೇ" ಎಂದರು. ಅವರು ಹೆಣೆದ ಕಾಲುಚೀಲ ಮೊಣಕಾಲಿನ ಕೆಳಗಿನವರೆಗೆ ಬರುತ್ತದೆ. ಹಿಮ್ಮಡಿಯಲ್ಲೂ ಹೆಬ್ಬೆರಳಿನ ಕೆಳಗೂ ನೂಲು ಎರಡೆಳೆ. ಬೆರಳ ತುದಿಯಲ್ಲಿ ಹೊಲಿಗೆಯ ಗಂಟಿಲ್ಲ, ಹೆಣಿಗೆ ಸುತ್ತಿಕೊಂಡೇ ಮುಗಿಯುತ್ತದೆ. ಹನ್ನೆರಡು ಗಂಟೆಯ ಪಾಳಿಯಲ್ಲಿ ನಿಂತೇ ಇರುವವರಿಗೆ ಆ ಗಂಟಿಲ್ಲದಿರುವುದು ಎಷ್ಟು ದೊಡ್ಡ ಉಪಕಾರವೆಂದು ನರ್ಸ್‌ಗಳಿಗೆ ಗೊತ್ತು. ಒಂದು ಜೊತೆಗೆ ₹350. ಮೊದಲೇ ಹೆಣೆದು ಇಟ್ಟದ್ದು ಹೆಚ್ಚು ಇರುವುದಿಲ್ಲ, ಅಳತೆ ಕೊಟ್ಟು ಎರಡು ವಾರ ಕಾಯಬೇಕು. ಕಾಯಿರಿ. ಅಲ್ಲಿ ದೊಡ್ಡ ಮಳಿಗೆಗಳಲ್ಲಿ ಇದರ ಹಲವು ಪಟ್ಟು ಬೆಲೆಯ ಕಾಲುಚೀಲ ನೋಡಿದ್ದೇನೆ, ಹಾಕಿಯೂ ನೋಡಿದ್ದೇನೆ. ನನ್ನ ಪಾದ ಈ ಅಜ್ಜಿಯ ಹೆಣಿಗೆಯನ್ನೇ ಕೇಳುತ್ತದೆ.

ಒಂದು ಎಚ್ಚರಿಕೆ. ಈ ದಪ್ಪದ ಕಾಲುಚೀಲವನ್ನು ಇಲ್ಲಿನ ಶೂಗಳ ಒಳಗೆ ತುರುಕಬಾರದು. ಬಿಗಿಯಾದರೆ ರಕ್ತದ ಓಟ ಕಡಿಮೆಯಾಗುತ್ತದೆ, ಬೆಚ್ಚಗಿನ ಗಾಳಿ ನಿಲ್ಲಲು ಜಾಗವಿರುವುದಿಲ್ಲ, ಕಾಲು ಬರಿಯ ತೆಳು ಕಾಲುಚೀಲದಲ್ಲಿದ್ದುದಕ್ಕಿಂತಲೂ ತಣ್ಣಗಾಗುತ್ತದೆ. ಬೂಟು ಕೊಳ್ಳಲು ಹೋಗುವಾಗ ಇದನ್ನು ಹಾಕಿಕೊಂಡೇ ಹೋಗಿ, ಬೆರಳು ಆಡಿಸುವಷ್ಟು ಜಾಗವಿರುವ ಅಳತೆಯನ್ನೇ ಆರಿಸಬೇಕು.

ಬೂಟನ್ನು ಇಲ್ಲಿ ಕೊಳ್ಳಬಾರದು ಎಂದು ಅಂಗಡಿಯಾಕೆ ಹಟ ಹಿಡಿದು ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿ ಗಮ್‌ಬೂಟು ಇದ್ದೇ ಇರುತ್ತದೆ. ಜಿಗಣೆಗೂ ಕೆಸರಿಗೂ ಅದು ಒಳ್ಳೆಯ ರಕ್ಷಣೆ. ಆದರೆ ಅದರ ರಬ್ಬರು ಕಡುಚಳಿಯಲ್ಲಿ ಬಿರುಸಾಗುತ್ತದೆ, ಒಳಗೆ ಬಿಸಿ ಹಿಡಿದಿಡುವ ಪದರವಿಲ್ಲ, ಬೆವರು ಹೊರಹೋಗುವುದಿಲ್ಲ. ಚಾರಣಕ್ಕೆಂದು ನಮ್ಮಲ್ಲಿ ಮಾರುವ ಬೂಟುಗಳು ತಡಿಯಂಡಮೋಳ್ ಬೆಟ್ಟ ಹತ್ತಲು ಸರಿ, ಹೆಪ್ಪುಗಟ್ಟಿದ ಕಾಲುದಾರಿಗೆ ಅಲ್ಲ. ಅಲ್ಲಿ ಸಿಗುವ ಬೂಟುಗಳಲ್ಲಿ ಒಳಗಿನ ಉಣ್ಣೆಕಂಬಳಿಯಂಥ ದಪ್ಪ ಪದರವನ್ನು ಪ್ರತ್ಯೇಕವಾಗಿ ಹೊರತೆಗೆಯಬಹುದಾದವು ಇವೆ, ಅಂಥದ್ದನ್ನೇ ಕೊಳ್ಳಬೇಕು. ಮನೆಗೆ ಬಂದ ಕೂಡಲೇ ಆ ಪದರವನ್ನು ಹೊರಗೆಳೆದು ಒಣಗಿಸಿದರೆ ಬೆಳಿಗ್ಗೆ ಬೂಟು ಬೆಚ್ಚಗಿರುತ್ತದೆ. ದಿನದ ಬೆವರು ಅದರಲ್ಲೇ ಉಳಿದರೆ ಮರುದಿನ ಎಂಥ ದುಬಾರಿ ಬೂಟೂ ಕಾಪಾಡುವುದಿಲ್ಲ. ಹಿಮದ ಕೆಳಗೆ ಅಡಗಿರುವ ಗಾಜಿನಂಥ ಮಂಜುಗಡ್ಡೆಯ ಮೇಲೆ ಬಿದ್ದು ಮಣಿಕಟ್ಟು ಮುರಿದುಕೊಂಡವರನ್ನು ಆಸ್ಪತ್ರೆಯಲ್ಲಿ ಚಳಿಗಾಲವಿಡೀ ನೋಡಿದ್ದೇನೆ. ಸಣ್ಣ ಹೆಜ್ಜೆ, ಪಾದ ಪೂರ್ತಿ ಊರಿ ನಡೆಯಬೇಕು, ಕೈಗಳನ್ನು ಜೇಬಿನಲ್ಲಿ ಇಟ್ಟುಕೊಳ್ಳಬಾರದು. ಇದು ಬಟ್ಟೆಯ ವಿಷಯವಲ್ಲ, ಆದರೂ ಹೇಳದೆ ಇರಲಾರೆ.

ಕೋಟಿನ ಮಾತು ಬೇಗ ಮುಗಿಸುತ್ತೇನೆ. ಅಂಗಡಿಯ ಗೋಡೆಯ ಕೋಟುಗಳು ಪಾಲಿಯೆಸ್ಟರ್ ತುಂಬಿದವು. ಮಡಿಕೇರಿಯ ಡಿಸೆಂಬರಿಗೆ, ಉತ್ತರ ಭಾರತದ ಪ್ರವಾಸಕ್ಕೆ ಸಾಕು. ವಿನ್ನಿಪೆಗ್‌ಗೆ ಬೇಕಾದದ್ದು ಗಾಳಿ ತೂರದ ಹೊರಬಟ್ಟೆ, ತೊಡೆ ಮುಚ್ಚುವ ಉದ್ದ, ಮುಖದ ಮುಂದಕ್ಕೆ ಚಾಚುವ ಟೋಪಿ, ಒಳಗೆ ಬಾತುಕೋಳಿಯ ಮೃದು ಪುಕ್ಕ. ಪುಕ್ಕ ಒದ್ದೆಯಾದರೆ ಮುದ್ದೆಗಟ್ಟಿ ಬಿಸಿ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಅದು ವಿನ್ನಿಪೆಗ್‌ನ ಒಣ ಚಳಿಗೆ ಹೇಳಿಮಾಡಿಸಿದ್ದು, ಮಳೆ ಬೀಳುವ ವ್ಯಾಂಕೂವರ್‌ಗೆ ಸಲ್ಲದು. ಹೊಸದು ದುಬಾರಿ ಎನಿಸಿದರೆ ಅಲ್ಲಿ ಒಬ್ಬರು ಬಳಸಿದ ಬಟ್ಟೆಗಳನ್ನು ಮಾರುವ ಅಂಗಡಿಗಳಿವೆ. ನನ್ನ ಯಜಮಾನರ ಕೋಟು ಅಂಥ ಅಂಗಡಿಯದೇ, ಯಾವ ಕುಂದೂ ಇಲ್ಲ. ವಿಮಾನದ 23 ಕಿಲೋದ ಪೆಟ್ಟಿಗೆಯಲ್ಲಿ ಕೋಟಿಗೆ ಹೋಗುವ ಜಾಗವನ್ನು ನಮ್ಮ ಅಡುಗೆಯ ಹುಳಿಯಾದ ಕಾಚಂಪುಳಿಯ ಬಾಟಲಿಗೂ ಕಾಫಿಪುಡಿಗೂ ಕೊಡುವುದು ಮೇಲು.

ಆದರೆ ಅಲ್ಲಿಗೆ ಇಳಿಯುವುದು ಚಳಿಗಾಲದಲ್ಲಾದರೆ? ಜನವರಿಯ ಸೆಮಿಸ್ಟರಿಗೆ ಹೋಗುವ ಮಕ್ಕಳು ಅನೇಕರು. ಅವರು ವಿಮಾನ ನಿಲ್ದಾಣದಿಂದ ಮನೆ ಸೇರುವಷ್ಟಕ್ಕೆ ಅಂಗಡಿಯ ಕೋಟೊಂದನ್ನು ಮೈಮೇಲೆ ಹಾಕಿಕೊಂಡೇ ಹೋಗಲಿ, ಒಳಗೆ ಎರಡು ಉಣ್ಣೆ ಇರಲಿ. ಮೊದಲ ವಾರದಲ್ಲೇ ಸರಿಯಾದದ್ದನ್ನು ಕೊಳ್ಳಲಿ. ಯಜಮಾನಿಯೂ ಇದನ್ನೇ ಹೇಳುತ್ತಾರೆ.

ಮಂಕಿ ಟೋಪಿಯನ್ನು ಹೊಗಳದೆ ಮುಂದೆ ಹೋಗಲಾರೆ. ನಮ್ಮ ಅಜ್ಜಂದಿರು ಬೆಳಗಿನ ತೋಟದ ಸುತ್ತಾಟಕ್ಕೆ ಹಾಕುವ ಅದೇ ಕುಲಾವಿ. ಕಿವಿ, ಕೆನ್ನೆ, ಗಲ್ಲ, ಕತ್ತು ಎಲ್ಲವನ್ನೂ ಒಂದೇ ಬಟ್ಟೆ ಮುಚ್ಚುತ್ತದೆ. ಮಫ್ಲರಿನ ಹಾಗೆ ಜಾರಿ ಬಿಚ್ಚಿಕೊಳ್ಳುವುದಿಲ್ಲ. ಕಡುಚಳಿಯಲ್ಲಿ ಮೊದಲು ಪೆಟ್ಟು ತಿನ್ನುವುದು ಕಿವಿಯ ಹಾಲೆ, ಮೂಗಿನ ತುದಿ, ಕೈಕಾಲಿನ ಬೆರಳು. ಅಲ್ಲಿನವರೂ ಇದೇ ಆಕಾರದ ಟೋಪಿಯನ್ನು ಹಾಕುತ್ತಾರೆ, ಹಿಮದಲ್ಲಿ ಜಾರುವ ಆಟಗಳಿಗೆಂದು ದುಬಾರಿ ಬೆಲೆಗೆ ಮಾರುತ್ತಾರೆ. ನನ್ನದು ₹220, ಕಡು ಕಂದು ಬಣ್ಣ, ಒಳಗೆ ತೆಳು ಅಸ್ತರು. ಬಾಯಿಯ ಮುಂದಿನ ಭಾಗ ಉಸಿರಿನ ತೇವಕ್ಕೆ ಒದ್ದೆಯಾಗಿ ಗಟ್ಟಿಯಾಗುತ್ತದೆ, ಕನ್ನಡಕಕ್ಕೆ ಮಂಜು ಕಟ್ಟುತ್ತದೆ. ಹೀಗಾಗಿ ಎರಡು ಇರಬೇಕು, ಒಂದು ಒಣಗುವಾಗ ಇನ್ನೊಂದು. ವಾರ್ಡಿನ ಗೆಳತಿಯೊಬ್ಬಳು ನನ್ನ ಟೋಪಿಯನ್ನು ಮೆಚ್ಚಿ ತನಗೂ ಒಂದು ತರಲು ಹೇಳಿದ್ದಾಳೆ. ಈ ಸಲದ ಪಟ್ಟಿಯಲ್ಲಿ ಅದೂ ಇದೆ.

ಕೈಗವಸಿನ ವಿಷಯದಲ್ಲಿ ಅಂಗಡಿಗೆ ಅಷ್ಟು ಅಂಕ ಕೊಡಲಾರೆ. ಹೆಣೆದ ಕೈಗವಸಿನ ಕಣ್ಣುಗಳಲ್ಲಿ ಗಾಳಿ ನುಗ್ಗುತ್ತದೆ. ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತರೆ ಬೆರಳು ಮರಗಟ್ಟುತ್ತದೆ. ಐದು ಬೆರಳಿಗೂ ಬೇರೆ ಬೇರೆ ಮನೆ ಇರುವ ಕೈಗವಸಿಗಿಂತ, ಹೆಬ್ಬೆರಳೊಂದನ್ನು ಬಿಟ್ಟು ಉಳಿದ ನಾಲ್ಕನ್ನೂ ಒಟ್ಟಿಗೆ ಇರಿಸುವ ಬಗೆಯೇ ಬೆಚ್ಚಗೆ, ಏಕೆಂದರೆ ಬೆರಳುಗಳು ಒಂದಕ್ಕೊಂದು ಬಿಸಿ ಕೊಡುತ್ತವೆ. ಹೊರಗೆ ಗಾಳಿ ತಡೆಯುವ ಅಂಥದೊಂದನ್ನು ಅಲ್ಲಿ ಕೊಂಡು, ಅದರೊಳಗೆ ಅಂಗಡಿಯ ತೆಳು ಉಣ್ಣೆ ಕೈಗವಸು ಹಾಕಿಕೊಂಡೆ. ಈ ಜೋಡಿ ಚೆನ್ನಾಗಿ ನಡೆಯಿತು. ಕೀಲಿ ತೆಗೆಯಲು, ಬಸ್ಸಿನ ಕಾರ್ಡು ಹಿಡಿಯಲು ಹೊರಗಿನದನ್ನು ಕಳಚಿದರೂ ಕೈ ಬರಿದಾಗುವುದಿಲ್ಲ. ನರ್ಸ್ ಆಗಿ ಒಂದು ಮಾತು: ಬೆರಳೋ ಕಿವಿಯೋ ಬಿಳಿಚಿಕೊಂಡು ಸ್ಪರ್ಶವೇ ತಿಳಿಯದಂತಾದರೆ ತಿಕ್ಕಬಾರದು, ಹಿಮ ಸವರಬಾರದು, ಹೀಟರಿನ ಮೇಲೆ ಇಡಬಾರದು. ಮರಗಟ್ಟಿದ ಚರ್ಮಕ್ಕೆ ಸುಟ್ಟರೂ ಗೊತ್ತಾಗುವುದಿಲ್ಲ. ಒಳಗೆ ಬಂದು, ಒದ್ದೆ ಬಟ್ಟೆ ತೆಗೆದು, ಮೈಯ ಬಿಸಿಯಷ್ಟೇ ಇರುವ, ಅಂದರೆ 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಬೇಕು. ಬಣ್ಣವೂ ಸ್ಪರ್ಶವೂ ಮರಳದಿದ್ದರೆ, ಗುಳ್ಳೆ ಎದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನನ್ನ ಮಗಳಿಗೆ ಆಗ ಐದು ವರ್ಷ. ಮಕ್ಕಳಿಗೆ ಹಿಮದಲ್ಲಿ ಆಡುವ ಇಡೀ ಮೈಯ ಉಡುಪನ್ನು ಅಲ್ಲಿಯೇ ಕೊಳ್ಳಿ ಎಂದು ಹೇಳಿ, ಅಂಗಡಿಯಾಕೆ ಟೋಪಿ, ಕಾಲುಚೀಲ, ಕೈಗವಸು ಮಾತ್ರ ಕೊಟ್ಟರು. ಕೈಗವಸು ಎರಡನ್ನೂ ಅಜ್ಜಿ ಒಂದು ಉದ್ದನೆಯ ಹೆಣೆದ ದಾರದಿಂದ ಜೋಡಿಸಿದ್ದರು. ದಾರವನ್ನು ಕೋಟಿನ ಒಂದು ತೋಳಿನಿಂದ ಬೆನ್ನಿನ ಮೂಲಕ ಇನ್ನೊಂದು ತೋಳಿಗೆ ಹಾಯಿಸಿದರೆ ಕೈಗವಸು ಕಳೆದುಹೋಗುವುದಿಲ್ಲ. ಶಾಲೆಯಲ್ಲಿ ಅಷ್ಟು ಚಳಿಯಲ್ಲೂ ಮಕ್ಕಳನ್ನು ಆಟಕ್ಕೆ ಹೊರಗೆ ಬಿಡುತ್ತಾರೆ. ಮಗಳ ತರಗತಿಯ ಕಳೆದುಹೋದ ವಸ್ತುಗಳ ಪೆಟ್ಟಿಗೆ ಒಂಟಿ ಕೈಗವಸುಗಳಿಂದ ತುಂಬಿರುತ್ತದೆ, ಅವಳದು ಒಂದೂ ಅಲ್ಲಿ ಸೇರಲಿಲ್ಲ. ಆ ದಾರಕ್ಕೆ ಅಜ್ಜಿ ಹಣ ತೆಗೆದುಕೊಳ್ಳಲಿಲ್ಲ.

ಕುಂದುಗಳನ್ನೂ ಹೇಳಬೇಕು. ಜಿಪ್ ಇರುವ ಸ್ವೆಟರುಗಳಲ್ಲಿ ಜಿಪ್ಪಿನ ಹಿಡಿ ತೀರ ಸಣ್ಣದು, ಕೈಗವಸು ಹಾಕಿದ ಬೆರಳಿಗೆ ಸಿಗುವುದಿಲ್ಲ; ನಾನು ರಿಬ್ಬನ್ ಕಟ್ಟಿಕೊಂಡೆ. ಕುಂಕುಮ ಬಣ್ಣದ ಸ್ವೆಟರ್ ಮೊದಲ ಒಗೆತದಲ್ಲಿ ಬಣ್ಣ ಬಿಟ್ಟು ಜೊತೆಗಿದ್ದ ಬಿಳಿ ಶಾಲನ್ನು ಕೆಡಿಸಿತು. ಈ ವಿಷಯ ಹೇಳಿದಾಗ ಯಜಮಾನಿ ಬೇಸರಪಟ್ಟುಕೊಂಡರು, ಆದರೆ ಒಗೆದ ಬಟ್ಟೆಯನ್ನು ಬದಲಿಸಿ ಕೊಡುವ ಪದ್ಧತಿ ಅಲ್ಲಿ ಇಲ್ಲ. ಕೇಳದಿದ್ದರೆ ಬಿಲ್ಲು ಕೊಡುವುದಿಲ್ಲ. ಎತ್ತರದ ಹೆಂಗಸರಿಗೆ ತೋಳಿನ ಉದ್ದ ಸಾಲುವುದಿಲ್ಲ, ಗಂಡಸರ ಅಳತೆಯಲ್ಲೇ ಹುಡುಕಬೇಕು. ಮುಖ್ಯವಾಗಿ, ಜುಲೈ ಕೊನೆಯಿಂದ ಆಗಸ್ಟಿನವರೆಗೆ, ಹೊರದೇಶಕ್ಕೆ ಓದಲು ಹೋಗುವವರೂ ಮಳೆಗೆ ಸ್ವೆಟರ್ ಕೊಳ್ಳುವವರೂ ಒಟ್ಟಿಗೆ ಬರುವಾಗ, ಒಳ್ಳೆಯ ಉಣ್ಣೆ ಖಾಲಿಯಾಗಿ ಅಕ್ರಿಲಿಕ್ಕೇ ಉಳಿದಿರುತ್ತದೆ. ಆ ದಿನಗಳಲ್ಲಿ ಯಜಮಾನಿಗೆ ಕೂರಿಸಿ ಮಾತಾಡಲು ಪುರಸತ್ತೂ ಇರುವುದಿಲ್ಲ, ಅಂಗಡಿಯ ಅರ್ಧ ಪ್ರಯೋಜನ ಅಲ್ಲಿಗೆ ಹೋಯಿತು. ಮೇ ತಿಂಗಳಲ್ಲೇ ಹೋಗುವುದು ಒಳಿತು.

ಮಳೆಗಾಲದಲ್ಲಿ ಕೊಂಡವರು ಪೆಟ್ಟಿಗೆ ಕಟ್ಟುವಾಗ ಜಾಗ್ರತೆ ವಹಿಸಬೇಕು. ಉಣ್ಣೆ ನಮ್ಮ ಗಾಳಿಯ ತೇವವನ್ನು ಕುಡಿದು ಕೂತಿರುತ್ತದೆ. ಹಾಗೆಯೇ ಗಾಳಿ ತೆಗೆಯುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿದರೆ ಮುಗ್ಗಲು ವಾಸನೆ ಜೊತೆಗೇ ಬರುತ್ತದೆ. ಮಡಿಕೇರಿ, ಭಾಗಮಂಡಲದ ಕಡೆಯವರಿಗೆ ಆಗ ಬಿಸಿಲೇ ಸಿಗುವುದಿಲ್ಲ. ಕುಶಾಲನಗರದಲ್ಲಿ ಮಳೆ ಬಹಳ ಕಡಿಮೆಯಾದ್ದರಿಂದ, ಕೇಳಿದರೆ ಅಂಗಡಿಯವರೇ ಬಟ್ಟೆಯನ್ನು ಬಿಸಿಲು ಬಂದ ದಿನ ಮಾಳಿಗೆಯಲ್ಲಿ ಹರವಿ, ಒಣಗಿದ ಮೇಲೆ ಕೊಡುತ್ತಾರೆ. ನನ್ನವ್ವ ಅಷ್ಟಕ್ಕೂ ಬಿಡದೆ ಒಲೆಯ ಮೇಲಿನ ಅಟ್ಟದಲ್ಲಿ ಒಂದು ರಾತ್ರಿ ಇಟ್ಟಿದ್ದರು. ಸ್ವಲ್ಪ ಹೊಗೆಯ ವಾಸನೆ ಹಿಡಿಯಿತು. ನನಗದು ಇಷ್ಟವೇ, ವಾರ್ಡಿನಲ್ಲಿ ಯಾರಿಗೂ ತಿಳಿಯಲಿಲ್ಲ. ನುಸಿಗುಳಿಗೆ ಮಾತ್ರ ಹಾಕಬೇಡಿ, ಅದರ ವಾಸನೆ ಬೆಚ್ಚಗಿನ ಮುಚ್ಚಿದ ಮನೆಯಲ್ಲಿ ತಿಂಗಳುಗಟ್ಟಲೆ ಹೋಗುವುದಿಲ್ಲ.

ಒಗೆಯುವುದಕ್ಕೆ ಅಂಟುವಾಳಕಾಯಿ ಒಂದು ಪೊಟ್ಟಣ ಒಯ್ದಿದ್ದೆ. ತಣ್ಣೀರಿನಲ್ಲಿ ಅದರ ನೊರೆಗೆ ಅದ್ದಿ, ಹಿಂಡದೆ ಟವಲಿನಲ್ಲಿ ಸುತ್ತಿ ಒತ್ತಿ, ಚಪ್ಪಟೆಯಾಗಿ ಹರವಿದರೆ ಉಣ್ಣೆ ಆಕಾರ ಕೆಡುವುದಿಲ್ಲ. ತೂಗುಹಾಕಿದರೆ ತನ್ನ ಭಾರಕ್ಕೇ ಜೋಲುತ್ತದೆ. ಪದೇ ಪದೇ ಒಗೆಯಬೇಕಾಗಿಯೂ ಇಲ್ಲ, ಉಣ್ಣೆ ಬೆವರಿನ ವಾಸನೆಯನ್ನು ಬೇಗ ಹಿಡಿಯುವುದಿಲ್ಲ. ಅಲ್ಲಿನ ಒಣ ಗಾಳಿಯಲ್ಲಿ ರಾತ್ರಿ ಹರವಿದ ಕಾಲುಚೀಲ ಬೆಳಿಗ್ಗೆ ಒಣಗಿರುತ್ತದೆ. ಸೋಮವಾರಪೇಟೆಯಲ್ಲಿ ಬೆಳೆದವಳಿಗೆ ಇದು ಚಳಿಗಾಲ ಕೊಟ್ಟ ದೊಡ್ಡ ಸುಖ. ಅದೇ ಗಾಳಿ ಕೈಗಳನ್ನು ಸೀಳುತ್ತದೆ. ದಿನವಿಡೀ ಕೈ ತೊಳೆಯುವ ಕೆಲಸದವರು ಮನೆಯ ಕೊಬ್ಬರಿ ಎಣ್ಣೆಯನ್ನೋ ಮಂದವಾದ ಮುಲಾಮನ್ನೋ ಹಚ್ಚಿ, ಹತ್ತಿಯ ಕೈಗವಸು ಹಾಕಿ ಮಲಗಬೇಕು. ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಯಷ್ಟೇ, ಬಿಸಿಲಿದ್ದರೂ ಅದರಿಂದ ಚರ್ಮಕ್ಕೆ ಡಿ ವಿಟಮಿನ್ ತಯಾರಿಸಲು ಆಗುವುದಿಲ್ಲ. ಹೊರಡುವ ಮುನ್ನವೇ ವೈದ್ಯರ ಬಳಿ ಆ ಮಾತನ್ನೂ ಆಡಿ ಹೋಗಿ.

ಹೋಗುವವರಿಗೆ ವಿವರ: ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ತೆರೆದಿರುತ್ತದೆ. ನಗದು ಅಥವಾ ಯುಪಿಐ, ಕಾರ್ಡು ನಡೆಯುವುದಿಲ್ಲ. ಬೆಲೆಯಲ್ಲಿ ಹೆಚ್ಚು ಚೌಕಾಸಿ ಮಾಡಲು ಬಿಡುವುದಿಲ್ಲ, ಕೈಹೆಣಿಗೆಯ ಬೆಲೆಗೆ ಚೌಕಾಸಿ ಮಾಡುವುದು ನ್ಯಾಯವೂ ಅಲ್ಲ. ಹೆಣೆಸುವುದಿದ್ದರೆ ಹಾಕಿಕೊಳ್ಳುವವರೇ ಖುದ್ದು ಬರಬೇಕು. ಅಣ್ಣನ ಪಾದದ ಅಳತೆ ತಂದಿದ್ದೇನೆ ಎಂದರೆ ಅಜ್ಜಿ ಒಪ್ಪುವುದಿಲ್ಲ. ಫೆಬ್ರುವರಿ ಅಥವಾ ಮಾರ್ಚಿನಲ್ಲಿ ಬರುವ ಲೋಸರ್, ಅಂದರೆ ಟಿಬೆಟನ್ನರ ಹೊಸ ವರ್ಷದ ಹಬ್ಬದ ಹೊತ್ತಿಗೆ ಕೆಲವು ದಿನ ಬಾಗಿಲು ಹಾಕಿರುತ್ತಾರೆ, ಆ ವಾರ ಬಿಟ್ಟು ಹೋಗಿ.